ಹೀರೊ ಪಕ್ಕದಲ್ಲಿ ನಿಂತವರು: ಹಳೇ ವೆಸ್ಟರ್ನ್ ಸಿನಿಮಾಗಳ ಪೋಷಕ ನಟರ ಬದುಕು, ದುಡಿಮೆ

1952ರ 'ಹೈ ನೂನ್' ಎಂಬ ವೆಸ್ಟರ್ನ್ (ಅಮೆರಿಕದ ಕೌಬಾಯ್ ಸಿನಿಮಾ) ಶುರುವಾಗುವುದು ಹೀರೊ ಗ್ಯಾರಿ ಕೂಪರ್‌ನಿಂದಲ್ಲ. ಬಂಡೆ ಮೇಲೆ ಒಬ್ಬ ಕೂತಿದ್ದಾನೆ. ಸಿಗರೇಟು ಸೇದುತ್ತಾ ಯಾರಿಗೋ ಕಾಯುತ್ತಿದ್ದಾನೆ. ಹದ್ದಿನ ಮೂಗು, ಕಿರಿದಾದ ಕಣ್ಣು. ಇಡೀ ಸಿನಿಮಾದಲ್ಲಿ ಅವನಿಗೆ ಒಂದೇ ಒಂದು ಮಾತಿಲ್ಲ. ಆದರೂ ಇವನು ಒಳ್ಳೆಯವನಲ್ಲ ಅಂತ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಆತ ಲೀ ವಾನ್ ಕ್ಲೀಫ್. ಅದು ಅವನ ಮೊದಲ ಸಿನಿಮಾ.

ನಿಜಕ್ಕೂ ಅವನಿಗೆ ಸಿಗಬೇಕಿದ್ದ ಪಾತ್ರ ಇದಲ್ಲ. ನಿರ್ಮಾಪಕ ಸ್ಟ್ಯಾನ್ಲಿ ಕ್ರೇಮರ್ ಅವನನ್ನು ಒಂದು ನಾಟಕದಲ್ಲಿ ನೋಡಿದ್ದ. ಡೆಪ್ಯುಟಿಯ (ಊರಿನ ಪೊಲೀಸ್ ಅಧಿಕಾರಿಯ ಸಹಾಯಕನ) ಪಾತ್ರ ಕೊಡ್ತೀನಿ, ಆದರೆ ಆ ಮೂಗು ಆಪರೇಷನ್ ಮಾಡಿಸಿ ಸರಿ ಮಾಡಿಸಿಕೋ ಅಂದನಂತೆ. ವಾನ್ ಕ್ಲೀಫ್ ಆಗಲ್ಲ ಅಂದ. ಡೆಪ್ಯುಟಿ ಪಾತ್ರ ಲಾಯ್ಡ್ ಬ್ರಿಜಸ್ ಪಾಲಾಯಿತು, ಇವನಿಗೆ ಬಾಯಿ ಬಿಡದ ಚೇಲನ ಪಾತ್ರ ಉಳಿಯಿತು. ಆ ಮೂಗೇ ಅವನಿಗೆ ಜೀವಮಾನವಿಡೀ ಅನ್ನ ಹಾಕಿತು.

ಬಂಡೆ ಮೇಲಿನ ಚೇಲ ಅಂದ ಕೂಡಲೇ ನಮಗೆ ರಾಮನಗರದ ಸಾಂಬಾ ನೆನಪಾಗ್ತಾನೆ ಅಲ್ವಾ? 'ಶೋಲೆ' ಮಾಡಿದವರು ವೆಸ್ಟರ್ನ್ ಸಿನಿಮಾಗಳನ್ನು ಅರೆದು ಕುಡಿದವರು. ಮ್ಯಾಕ್ ಮೋಹನ್ ಹೆಚ್ಚುಕಡಿಮೆ ಮೂರು ಪದ ಆಡಿ ದೇಶಕ್ಕೆಲ್ಲ ಗೊತ್ತಾದ. ಮಾತಿಗಿಂತ ಮುಖ ಮುಖ್ಯ ಅನ್ನುವ ಪದ್ಧತಿ ಬಂದಿದ್ದು ಹಾಲಿವುಡ್ಡಿನ ಆ ಕುದುರೆ ಸಿನಿಮಾಗಳಿಂದ. ಅದು ಯಾಕೆ ಹಾಗಿತ್ತು, ಆ ಮುಖಗಳ ಹಿಂದಿದ್ದವರು ಎಲ್ಲಿಂದ ಬಂದರು, ಅವರ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು ಅನ್ನುವುದು ಈ ಬರಹದ ವಿಷಯ.

ಮೊದಲು ಯಾಕೆ ಅನ್ನುವುದನ್ನು ನೋಡೋಣ. 1930 ಮತ್ತು 40ರ ದಶಕದಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ಒಂದೇ ಟಿಕೆಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರು. ಒಂದು ದೊಡ್ಡದು, ಇನ್ನೊಂದು ಅಗ್ಗದ್ದು. ಆ ಅಗ್ಗದ ಜಾಗ ತುಂಬಲಿಕ್ಕೆ ರಿಪಬ್ಲಿಕ್ ಥರದ ಸಣ್ಣ ಕಂಪನಿಗಳು 'ಬಿ ವೆಸ್ಟರ್ನ್'ಗಳನ್ನು ಒಂದರ ಮೇಲೊಂದು ತೆಗೆಯುತ್ತಿದ್ದವು. ಸಿನಿಮಾದ ಉದ್ದ ಸುಮಾರು ಒಂದು ಗಂಟೆ. ಶೂಟಿಂಗ್ ಒಂದು ವಾರ, ಜಾಸ್ತಿ ಅಂದ್ರೆ ಹತ್ತು ದಿನ. ಹೀರೊ ಎರಡು ಹಾಡು ಹಾಡಬೇಕು, ಮೂರು ಸಲ ಕುದುರೆ ಓಡಿಸಬೇಕು, ಕೊನೆಗೆ ಗುಂಡು ಹಾರಿಸಬೇಕು. ಈ ನಡುವೆ ಬ್ಯಾಂಕ್ ಮಾಲೀಕ ಮೋಸಗಾರ, ಗ್ಯಾರೇಜಿನಂಥ ಲಾಯದಲ್ಲಿ ಕೂತ ಮುದುಕ ಒಳ್ಳೆಯವನು ಅಂತೆಲ್ಲ ಬಿಡಿಸಿ ಹೇಳಲು ಪುರಸೊತ್ತು ಎಲ್ಲಿ? ಅದಕ್ಕೇ ನೋಡಿದ ತಕ್ಷಣ ಅರ್ಥವಾಗುವ ಮುಖಗಳನ್ನು ತಂದು ನಿಲ್ಲಿಸುತ್ತಿದ್ದರು. ಹೋದ ವಾರದ ಸಿನಿಮಾದಲ್ಲಿ ದನ ಕದ್ದವನೇ ಈ ವಾರವೂ ಕದಿಯುತ್ತಾನೆ. ಪ್ರೇಕ್ಷಕನಿಗೂ ಅದರಲ್ಲಿ ಬೇಜಾರಿರಲಿಲ್ಲ. ಒಂದು ಥರದ ಗುರುತಿನ ಖುಷಿ ಇತ್ತು.

ಈ ಮುಖಗಳನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿರಲಿಲ್ಲ. ಲಾಸ್ ಏಂಜಲೀಸಿನಲ್ಲಿ ಸನ್‌ಸೆಟ್ ಮತ್ತು ಗೋವರ್ ರಸ್ತೆ ಸೇರುವ ಮೂಲೆಗೆ 'ಗೋವರ್ ಗಲ್ಚ್' ಅಂತ ಅಡ್ಡಹೆಸರು ಬಿದ್ದಿತ್ತು. ಕೆಲಸ ಕಳಕೊಂಡ ನಿಜವಾದ ದನಗಾಹಿಗಳು ತಮ್ಮದೇ ಟೋಪಿ, ಬೂಟು ಹಾಕಿಕೊಂಡು ಅಲ್ಲಿ ನಿಂತಿರುತ್ತಿದ್ದರು. ಅಕ್ಕಪಕ್ಕದ ಸ್ಟುಡಿಯೊದವರು ಬಂದು ಬೇಕಾದಷ್ಟು ಜನರನ್ನು ಆ ದಿನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಕಳ್ಳರ ಗುಂಪಿನಲ್ಲಿ ಓಡಿದವರೇ ಮಧ್ಯಾಹ್ನ ಟೋಪಿ ಬದಲಿಸಿ ಆ ಕಳ್ಳರನ್ನು ಅಟ್ಟಿಸಿಕೊಂಡು ಹೋಗುವುದೂ ಇತ್ತು.

ಆದರೆ ಎಲ್ಲರೂ ಕುದುರೆ ಹತ್ತಿ ಬಂದವರಲ್ಲ. ಗಡ್ಡದ ಮುದುಕನ ಪಾತ್ರಕ್ಕೆ ಹೆಸರಾದ ಗ್ಯಾಬಿ ಹೇಯ್ಸ್‌ನನ್ನೇ ತಗೊಳ್ಳಿ. ಹುಟ್ಟಿದ್ದು 1885ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ನಾಟಕ ಕಂಪನಿಗಳಲ್ಲಿ ಚೆನ್ನಾಗಿ ದುಡಿದು 43ಕ್ಕೇ ಸಾಕಪ್ಪ ಅಂತ ವಿಶ್ರಾಂತಿಗೆ ಕೂತಿದ್ದ. ಮರುವರ್ಷ, 1929ರಲ್ಲಿ, ಷೇರುಪೇಟೆ ಕುಸಿದು ಕೂಡಿಟ್ಟದ್ದೆಲ್ಲ ಹೋಯಿತು. ಮತ್ತೆ ದುಡಿಯಲೇಬೇಕಾಯಿತು. ಕುದುರೆ ಸವಾರಿ ಕಲಿತದ್ದೇ ನಲವತ್ತು ದಾಟಿದ ಮೇಲೆ. ತೆರೆ ಮೇಲೆ ಹಲ್ಲಿಲ್ಲದ ಬಾಯಿ, ಕೊಳಕು ಬಟ್ಟೆ, ಗೊಣಗಾಟ. ಮನೆಯಲ್ಲಿ ನೀಟಾಗಿ ಸೂಟು ತೊಟ್ಟು ಪುಸ್ತಕ ಓದುವ ಮನುಷ್ಯ. ವೆಸ್ಟರ್ನ್ ಸಿನಿಮಾ ಅಂದರೆ ಅವನಿಗೆ ಅಷ್ಟಕ್ಕಷ್ಟೇ ಅಂತಾರೆ.

ಅವನ ಹೆಸರಿನ ಕಥೆಯಲ್ಲಿ ಈ ವ್ಯವಹಾರದ ಒಂದು ಒಳಗುಟ್ಟಿದೆ. ಹಾಪಲಾಂಗ್ ಕ್ಯಾಸಿಡಿ ಎಂಬ ಕೌಬಾಯ್ ಹೀರೊನ ಸಿನಿಮಾ ಸರಣಿಯಲ್ಲಿ ಅವನ ಪಾತ್ರದ ಹೆಸರು 'ವಿಂಡಿ'. ಸಂಬಳದ ಜಗಳವಾಗಿ 1939ರಲ್ಲಿ ರಿಪಬ್ಲಿಕ್‌ಗೆ ಹೋದಾಗ ಆ ಹೆಸರು ಹಳೇ ನಿರ್ಮಾಪಕನ ಆಸ್ತಿಯಾಗಿ ಅಲ್ಲೇ ಉಳಿಯಿತು. ಗಡ್ಡ ಮಾತ್ರ ಇವನದ್ದು. ಅದೇ ಗಡ್ಡ, ಅದೇ ಗೊಣಗಾಟ ಇಟ್ಟುಕೊಂಡು ಹೆಸರನ್ನಷ್ಟೇ 'ಗ್ಯಾಬಿ' ಅಂತ ಬದಲಿಸಿದರು. ಜನರಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಪಾತ್ರದ ಒಡೆತನ ಕಂಪನಿಯದ್ದಾದರೂ ಮುಖದ ಒಡೆತನ ನಟನದ್ದು. ಇದಕ್ಕೆ ಉಲ್ಟಾ ಕೇಸೂ ಇದೆ. ಜಸ್ಟಸ್ ಮೆಕ್ವೀನ್ ಎಂಬ ಹುಡುಗ ಮೊದಲ ಸಿನಿಮಾದಲ್ಲಿ ಎಲ್.ಕ್ಯೂ. ಜೋನ್ಸ್ ಎಂಬ ಪಾತ್ರ ಮಾಡಿದ. ಹೆಸರು ಹಿಡಿಸಿತು, ಸುಮ್ನೆ ಅದನ್ನೇ ಇಟ್ಟುಕೊಂಡುಬಿಟ್ಟ. 2022ರಲ್ಲಿ ತೀರಿಕೊಳ್ಳುವವರೆಗೂ ಜಗತ್ತಿಗೆ ಅವನು ಎಲ್.ಕ್ಯೂ. ಜೋನ್ಸೇ.

ಈಗ ವಾಲ್ಟರ್ ಬ್ರೆನನ್. ಈ ಗುಂಪಿನಲ್ಲಿ ಅವನಷ್ಟು ಎತ್ತರಕ್ಕೆ ಹೋದವರು ಇಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸೈನಿಕನಾಗಿದ್ದವನು 1920ರ ದಶಕದಲ್ಲಿ ಹಾಲಿವುಡ್ಡಿನಲ್ಲಿ ಎಕ್ಸ್‌ಟ್ರಾ ಆಗಿ ವರ್ಷಗಟ್ಟಲೆ ಸವೆದ. 1932ರಲ್ಲಿ ಒಂದು ಅಪಘಾತದಲ್ಲಿ ಮುಂದಿನ ಹಲ್ಲುಗಳು ಹೋದವು. ಬೇರೆ ನಟನಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದ. ಇವನಿಗೆ ಅದೇ ದಾರಿಯಾಯಿತು. ಹಲ್ಲಿನ ಸೆಟ್ಟು ಹಾಕಿದರೆ ತನ್ನ ವಯಸ್ಸು, ತೆಗೆದರೆ ಇಪ್ಪತ್ತು ವರ್ಷ ಹೆಚ್ಚು. ನಿರ್ದೇಶಕ ಹೋವರ್ಡ್ ಹಾಕ್ಸ್ ಹತ್ತಿರ ಪಾತ್ರ ಕೇಳಲು ಹೋದಾಗ ಅವನು ಕೇಳಿದ ಮೊದಲ ಪ್ರಶ್ನೆ "ಇಟ್ಕೊಂಡೋ, ಇಲ್ದೇನೋ?" ಹಾಕ್ಸ್‌ಗೆ ಅರ್ಥವಾಗದೆ ಏನು ಅಂದ. "ಹಲ್ಲು!" ಹಾಕ್ಸ್ ತಾನೇ ಹೇಳಿಕೊಂಡು ನಗುತ್ತಿದ್ದ ಕಥೆ ಇದು. 1935ರ ಆ ಸಿನಿಮಾದಲ್ಲಿ ಓಲ್ಡ್ ಅಟ್ರಾಸಿಟಿ ಎಂಬ ಮುದುಕನಾದಾಗ ಬ್ರೆನನ್‌ಗೆ 41 ವರ್ಷ ಅಷ್ಟೇ.

ಇದೇ ಹಾಕ್ಸ್ 1948ರ 'ರೆಡ್ ರಿವರ್'ನಲ್ಲಿ ಹಲ್ಲನ್ನೇ ಒಂದು ಉಪಕಥೆ ಮಾಡಿಬಿಟ್ಟ. ಅಡುಗೆ ಗಾಡಿಯ ಮುದುಕ ಗ್ರೂಟ್ ಇಸ್ಪೀಟಿನಲ್ಲಿ ತನ್ನ ಹಲ್ಲಿನ ಸೆಟ್ಟಿನ ಅರ್ಧ ಪಾಲನ್ನು ಕ್ವೊ ಎಂಬ ಇಂಡಿಯನ್‌ಗೆ (ಅಮೆರಿಕದ ಮೂಲನಿವಾಸಿಗೆ) ಸೋಲುತ್ತಾನೆ. ಆಮೇಲೆ ಊಟದ ಹೊತ್ತಿಗೆ ಮಾತ್ರ ಕ್ವೊ ಹಲ್ಲು ವಾಪಸ್ ಕೊಡುತ್ತಾನೆ! ಸಾವಿರಾರು ದನಗಳನ್ನು ಟೆಕ್ಸಸ್‌ನಿಂದ ಹೊಡೆದುಕೊಂಡು ಹೋಗುವ ದೊಡ್ಡ ಕಥೆ, ಜಾನ್ ವೇನ್ ಸಿಟ್ಟಿನಲ್ಲಿ ಎಲ್ಲರನ್ನೂ ಹೆದರಿಸುತ್ತಿದ್ದಾನೆ, ಅದರ ನಡುವೆ ಈ ಹಲ್ಲಿನ ಲೇವಾದೇವಿ. ಬ್ರೆನನ್ ಇದನ್ನು ಬರೀ ನಗಿಸಲಿಕ್ಕೆ ಮಾಡುವುದಿಲ್ಲ. ವೇನ್‌ಗೆ ಎದುರಾಗಿ ನಿಂತು ನೀನು ಮಾಡಿದ್ದು ತಪ್ಪು ಅಂತ ಹೇಳುವವನೂ ಇದೇ ಬೊಚ್ಚು ಬಾಯಿಯ ಮುದುಕ. ಹೀರೊ ಬಗ್ಗೆ ನಮಗೆ ಅನ್ನಿಸಿದ್ದನ್ನು ನಮ್ಮ ಪರವಾಗಿ ಬಾಯಿಬಿಟ್ಟು ಹೇಳುವುದು ಪೋಷಕ ನಟನ ದೊಡ್ಡ ಕೆಲಸ. ಅದನ್ನು ಬ್ರೆನನ್‌ನಷ್ಟು ಸಲೀಸಾಗಿ ಮಾಡಿದವರು ಕಡಿಮೆ ಅಂತ ನನ್ನ ಲೆಕ್ಕ.

ಆಸ್ಕರ್‌ನಲ್ಲಿ ಪೋಷಕ ನಟರಿಗೆ ಪ್ರಶಸ್ತಿ ಶುರುವಾದದ್ದು 1936ರ ಸಿನಿಮಾಗಳಿಗೆ. ಮೊದಲ ಪ್ರಶಸ್ತಿ ಬ್ರೆನನ್‌ಗೆ. ಮತ್ತೆ 1938ಕ್ಕೆ. ಮತ್ತೆ 1940ರ 'ದ ವೆಸ್ಟರ್ನರ್'ಗೆ, ಜಡ್ಜ್ ರಾಯ್ ಬೀನ್ ಪಾತ್ರಕ್ಕೆ. ಐದು ವರ್ಷದಲ್ಲಿ ಮೂರು! ಆಗ ಎಕ್ಸ್‌ಟ್ರಾಗಳಿಗೂ ಆಸ್ಕರ್ ಮತ ಇತ್ತು. ತಮ್ಮ ಸಾಲಿನಿಂದ ಎದ್ದುಹೋದವನಿಗೆ ಅವರೆಲ್ಲ ಒಟ್ಟಾಗಿ ಮತ ಒತ್ತಿದರು, ಅದಕ್ಕೇ ಆಮೇಲೆ ಅವರ ಮತದ ಹಕ್ಕು ಹೋಯಿತು ಅಂತ ಹಾಲಿವುಡ್ಡಿನಲ್ಲಿ ಹಳೇ ಮಾತಿದೆ. ಇನ್ನೊಂದು ವಿಷಯ ಗೊತ್ತಾ? ಆ ಕಾಲದಲ್ಲಿ ಹೀರೊಗೆ ಪೂರ್ತಿ ಪ್ರತಿಮೆ, ಪೋಷಕ ನಟನಿಗೆ ಬರೀ ಫಲಕ. ಅವರಿಗೂ ಪ್ರತಿಮೆ ಸಿಗಲಿಕ್ಕೆ ಶುರುವಾಗಿದ್ದು 1944ರ ಸಮಾರಂಭದಲ್ಲಿ.

ಬ್ರೆನನ್‌ನದ್ದು ಹಲ್ಲಾದರೆ ಜಾಕ್ ಈಲಮ್‌ನದ್ದು ಕಣ್ಣು. ಅರಿಜೋನಾದ ಮಯಾಮಿ ಎಂಬ ಗಣಿ ಊರಿನಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಇನ್ನೊಬ್ಬ ಹುಡುಗನ ಪೆನ್ಸಿಲ್ ಚುಚ್ಚಿ ಎಡಗಣ್ಣು ಹೋಯಿತು. ಆ ಗುಡ್ಡೆ ತನ್ನ ಪಾಡಿಗೆ ತಾನು ಎತ್ತಲೋ ತಿರುಗಿಕೊಂಡಿರುತ್ತಿತ್ತು. ಆತ ಓದಿದ್ದು ಲೆಕ್ಕಪತ್ರ. ಹಾಲಿವುಡ್ಡಿನಲ್ಲೇ ಸಿನಿಮಾ ಕಂಪನಿಗಳ ಲೆಕ್ಕ ಬರೆಯುತ್ತಿದ್ದ. ಹೀಗೇ ಲೆಡ್ಜರು ನೋಡುತ್ತಾ ಕೂತರೆ ಉಳಿದ ಕಣ್ಣೂ ಹೋಗುತ್ತೆ ಅಂತ ಡಾಕ್ಟರು ಎಚ್ಚರಿಸಿದರು. ಆಗ ಅವನು ಅಕೌಂಟೆಂಟನಿಗೆ ತಕ್ಕ ಒಂದು ಪ್ಲಾನ್ ಹಾಕಿದ. ವೆಸ್ಟರ್ನ್ ತೆಗೆಯಲು ದುಡ್ಡಿಲ್ಲದೆ ಒದ್ದಾಡುತ್ತಿದ್ದ ಪರಿಚಯದವನಿಗೆ, ಬಂಡವಾಳ ನಾನು ಹೊಂದಿಸಿಕೊಡ್ತೀನಿ, ನನಗೆ ವಿಲನ್ ಪಾತ್ರ ಕೊಡು ಅಂದ. ಹಾಗೆ ಮೂವತ್ತರ ಆಸುಪಾಸಿನಲ್ಲಿ ನಟನಾದ. ತಮಾಷೆ ಅಂದರೆ ವಾನ್ ಕ್ಲೀಫ್ ಕೂಡ ಮೊದಲು ಅಕೌಂಟೆಂಟ್. 'ಹೈ ನೂನ್'ನಲ್ಲಿ ಇಬ್ಬರೂ ಇದ್ದಾರೆ. ಈಲಮ್ ಲಾಕಪ್ಪಿನಲ್ಲಿ ಮಲಗಿರುವ ಕುಡುಕ, ಟೈಟಲ್ಸ್‌ನಲ್ಲಿ ಹೆಸರೂ ಇಲ್ಲ.

ಪೋಷಕ ನಟನ ಬದುಕು ಐದು ಹಂತದ್ದು ಅಂತ ಈಲಮ್ ಜೋಕ್ ಹೇಳುತ್ತಿದ್ದ. ಸ್ಟುಡಿಯೊದವರು ಮೊದಲು, ಯಾರು ಈ ಜಾಕ್ ಈಲಮ್ ಅಂತಾರೆ. ಆಮೇಲೆ, ಜಾಕ್ ಈಲಮ್‌ನನ್ನು ಕರೆಸಿ. ಆಮೇಲೆ, ಜಾಕ್ ಈಲಮ್ ಥರದವನನ್ನು ಕರೆಸಿ. ಆಮೇಲೆ, ಸ್ವಲ್ಪ ಚಿಕ್ಕ ವಯಸ್ಸಿನ ಜಾಕ್ ಈಲಮ್ ಬೇಕು. ಕೊನೆಗೆ, ಯಾರು ಈ ಜಾಕ್ ಈಲಮ್? ಹೀರೊಗೂ ಇದು ಅನ್ವಯಿಸುತ್ತೆ ಅನ್ನಬಹುದು. ಆದರೆ ಮೂರನೇ ಹಂತ ನೋಡಿ. ಮುಖವೇ ಬಂಡವಾಳವಾದಾಗ ಅಂಥದ್ದೇ ಇನ್ನೊಂದು ಮುಖ ಅಗ್ಗಕ್ಕೆ ಸಿಕ್ಕರೆ ನಿನ್ನ ಕಥೆ ಮುಗಿಯಿತು. ಈಲಮ್‌ನ ಅದೃಷ್ಟ, ಅಂಥ ಕಣ್ಣು ಇನ್ನೊಬ್ಬನಿಗೆ ಇರಲಿಲ್ಲ.

ಇನ್ನು ಮುಖವಲ್ಲ, ಕೈಕೆಲಸವೇ ಬಂಡವಾಳವಾದವನು ಬೆನ್ ಜಾನ್ಸನ್. ಒಕ್ಲಹೋಮಾದಲ್ಲಿ ದಿನಕ್ಕೆ ಒಂದು ಡಾಲರ್ ಕೂಲಿಗೆ ದನ ಕಾಯುತ್ತಿದ್ದ. 1940ರ ಸುಮಾರಿಗೆ ಹೋವರ್ಡ್ ಹ್ಯೂಸ್‌ನ ಸಿನಿಮಾಗೆ ಕುದುರೆಗಳನ್ನು ರೈಲಿನಲ್ಲಿ ತುಂಬಿಕೊಂಡು ಹಾಲಿವುಡ್ಡಿಗೆ ಬಂದ. ಮೊದಲ ಚೆಕ್ಕೇ 300 ಡಾಲರ್. ದೊಣ್ಣೆ ತಗೊಂಡು ಅಟ್ಟಿದ್ದರೂ ವಾಪಸ್ ಊರಿಗೆ ಹೋಗುತ್ತಿರಲಿಲ್ಲ ಅಂತ ಆಮೇಲೆ ಹೇಳಿಕೊಂಡ. ವರ್ಷಗಟ್ಟಲೆ ಸ್ಟಂಟ್ ಮಾಡಿದ, ಹೀರೊಗಳಿಗೆ ಡ್ಯೂಪ್ ಆದ. ನಿರ್ದೇಶಕ ಜಾನ್ ಫೋರ್ಡ್‌ನ 'ಫೋರ್ಟ್ ಅಪಾಚೆ'ಗೆ ಹೆನ್ರಿ ಫೋಂಡಾಗೆ ಡ್ಯೂಪ್ ಆಗಿದ್ದಾಗ ಸೆಟ್ಟಿನಲ್ಲಿ ಕುದುರೆಗಳು ಬೆದರಿ, ಜನ ಸಿಕ್ಕಿಕೊಂಡಿದ್ದ ಗಾಡಿಯನ್ನು ಎಳೆದುಕೊಂಡು ಓಡಿದವು. ಜಾನ್ಸನ್ ತನ್ನ ಕುದುರೆ ಓಡಿಸಿ ಅದನ್ನು ತಡೆದು ನಿಲ್ಲಿಸಿದ. ಕೆಲದಿನಗಳಲ್ಲೇ ಫೋರ್ಡ್ ಒಂದು ಕಾಂಟ್ರಾಕ್ಟ್ ಕೊಟ್ಟ. ಏಳು ವರ್ಷದ್ದು. ವಾರಕ್ಕೆ 5,000 ಡಾಲರ್ ಅನ್ನುವ ಸಾಲಿಗೆ ಬಂದ ಕೂಡಲೇ ಓದುವುದು ನಿಲ್ಲಿಸಿ ಸಹಿ ಹಾಕಿದೆ ಅಂತ ಜಾನ್ಸನ್ ಹೇಳುತ್ತಿದ್ದ.

1950ರ 'ರಿಯೊ ಗ್ರಾಂಡೆ'ಯಲ್ಲಿ ಎರಡು ಕುದುರೆಗಳ ಬೆನ್ನ ಮೇಲೆ ಒಂದೊಂದು ಕಾಲಿಟ್ಟು ನಿಂತು, ಲಗಾಮು ಹಿಡಿದು, ಓಟದಲ್ಲೇ ಬೇಲಿ ಹಾರಿಸುವ ದೃಶ್ಯ ಇದೆ. ಅದು ನಿಜಕ್ಕೂ ಅವನೇ. ಡ್ಯೂಪ್‌ಗೆ ಡ್ಯೂಪ್ ಯಾಕೆ ಬೇಕು! ಅದೇ ಸಿನಿಮಾದ ಸೆಟ್ಟಿನಲ್ಲಿ ಫೋರ್ಡ್ ಕೆಣಕಿದಾಗ ಜಾನ್ಸನ್ ತಿರುಗಿಸಿ ಅಂದುಬಿಟ್ಟ. ಹತ್ತು ವರ್ಷಕ್ಕೂ ಮೀರಿ ಫೋರ್ಡ್ ಅವನನ್ನು ಕರೆಯಲಿಲ್ಲ. ಫೋರ್ಡ್‌ಗೆ ತನ್ನದೇ ಒಂದು ಖಾಯಂ ಬಳಗ ಇತ್ತು: ವಾರ್ಡ್ ಬಾಂಡ್, ಹ್ಯಾರಿ ಕೇರಿ ಜೂನಿಯರ್, ಹ್ಯಾಂಕ್ ವರ್ಡನ್. ಬಳಗದಲ್ಲಿದ್ದರೆ ಸಿನಿಮಾ ಮೇಲೆ ಸಿನಿಮಾ. ಯಜಮಾನನ ಕೋಪಕ್ಕೆ ಸಿಕ್ಕರೆ ಬಾಗಿಲು ಬಂದ್. ಯೂನಿಯನ್ ಇತ್ತು, ಕಾಂಟ್ರಾಕ್ಟ್ ಇತ್ತು, ಆದರೂ ಕೊನೆಗೆ ಒಬ್ಬ ಮನುಷ್ಯನ ಮರ್ಜಿ.

ಜಾನ್ಸನ್ ತಲೆ ಕೆಡಿಸಿಕೊಳ್ಳಲಿಲ್ಲ. 1953ರಲ್ಲಿ ಸಿನಿಮಾ ಬಿಟ್ಟು ರೋಡಿಯೊ, ಅಂದರೆ ದನಗಾಹಿಗಳ ಕಸರತ್ತಿನ ಸ್ಪರ್ಧೆಗಳಿಗೆ ಹೋದ. ಇಬ್ಬರು ಸವಾರರು ಸೇರಿ, ಒಬ್ಬ ಹೋರಿಯ ಕೊಂಬಿಗೆ, ಇನ್ನೊಬ್ಬ ಹಿಂಗಾಲಿಗೆ ಹಗ್ಗ ಬೀಸುವ ಆಟದಲ್ಲಿ ವಿಶ್ವ ಚಾಂಪಿಯನ್ ಆದ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಕೈಯಲ್ಲಿ ಕಾಸಿಲ್ಲ. ಸವೆದುಹೋದ ಕಾರು, ಸಿಟ್ಟಾದ ಹೆಂಡತಿ, ಇಷ್ಟೇ ಉಳಿದದ್ದು ಅಂತ ನಗುತ್ತಿದ್ದ. ಮರಳಿ ಸಿನಿಮಾಗೆ ಬಂದ. 'ದ ಲಾಸ್ಟ್ ಪಿಕ್ಚರ್ ಶೋ'ಗೆ ಕರೆದಾಗ ಮಾತು ಜಾಸ್ತಿ, ಅದರಲ್ಲೂ ಕೆಟ್ಟ ಮಾತು ಜಾಸ್ತಿ ಅಂತ ಒಲ್ಲೆ ಅಂದ. ಅವನನ್ನು ಒಪ್ಪಿಸಿದ್ದು ಅದೇ ಜಾನ್ ಫೋರ್ಡ್. ತೆರೆ ಮೇಲೆ ಅವನಿರುವುದು ಹತ್ತು ನಿಮಿಷದ ಆಸುಪಾಸು, ಅಷ್ಟಕ್ಕೇ ಆಸ್ಕರ್ ಬಂತು. ಕೆರೆ ದಂಡೆಯಲ್ಲಿ ಕೂತು ಹಳೇ ಪ್ರೀತಿಯ ನೆನಪು ಹೇಳುವ ಒಂದು ದೃಶ್ಯ ಇದೆ. ದನಿ ಏರಿಸುವುದಿಲ್ಲ, ಕೈ ಆಡಿಸುವುದಿಲ್ಲ. ಇಪ್ಪತ್ತು ವರ್ಷ ಬೇರೆಯವರ ಬದಲು ಕುದುರೆಯಿಂದ ಬಿದ್ದವನಿಗೆ ಕ್ಯಾಮೆರಾ ಮುಂದೆ ಏನೂ ಮಾಡದೆ ಸುಮ್ಮನಿರುವುದು ಗೊತ್ತಿತ್ತು.

ಸ್ಲಿಮ್ ಪಿಕನ್ಸ್ ಕೂಡ ರೋಡಿಯೊದಿಂದ ಬಂದವನೇ. ಅಲ್ಲಿ ವಿದೂಷಕನಾಗಿ ಗೂಳಿಗಳ ಗಮನ ಸೆಳೆದು, ಬಿದ್ದ ಸವಾರರನ್ನು ಉಳಿಸುವುದು ಅವನ ಕೆಲಸ. ನಿಜವಾದ ಹೆಸರು ಲೂಯಿ ಲಿಂಡ್ಲಿ. ಅಪ್ಪನಿಗೆ ಗೊತ್ತಾಗಬಾರದು ಅಂತ ಬೇರೆ ಹೆಸರಲ್ಲಿ ಸ್ಪರ್ಧೆಗೆ ಇಳಿದಿದ್ದ. 'ಡಾಕ್ಟರ್ ಸ್ಟ್ರೇಂಜ್‌ಲವ್'ನಲ್ಲಿ ಪೀಟರ್ ಸೆಲ್ಲರ್ಸ್ ಕಾಲಿಗೆ ಪೆಟ್ಟು ಮಾಡಿಕೊಂಡದ್ದಕ್ಕೆ ಪೈಲಟ್ ಪಾತ್ರ ಇವನಿಗೆ ಬಂತು. ಬಾಂಬಿನ ಮೇಲೆ ಕುದುರೆ ಥರ ಕೂತು ಟೋಪಿ ಬೀಸುತ್ತಾ ಬೀಳುತ್ತಾನಲ್ಲ, ಅವನೇ. ಲಂಡನ್ನಿಗೆ ಬೂಟು, ಟೋಪಿಯಲ್ಲಿ ಬಂದಿಳಿದಾಗ ಮೇಕಪ್ಪಿನಲ್ಲೇ ಬಂದಿದ್ದಾನೆ ಅಂದುಕೊಂಡರಂತೆ. ಅವನ ದಿನನಿತ್ಯದ ಬಟ್ಟೆಯೇ ಅದು.

ಮುಖ ನೋಡಿ ಪಾತ್ರ ಕೊಡುವ ಈ ಪದ್ಧತಿ ಬಿಳಿಯರಲ್ಲದವರಿಗೆ ಎಷ್ಟು ಕ್ರೂರವಾಗಿತ್ತು ಅನ್ನುವುದನ್ನೂ ಹೇಳಬೇಕು. ವುಡಿ ಸ್ಟ್ರೋಡ್ ಹೆಸರಾಂತ ಅಮೆರಿಕನ್ ಫುಟ್‌ಬಾಲ್ ಆಟಗಾರ. 1946ರಲ್ಲಿ ಕೆನ್ನಿ ವಾಷಿಂಗ್ಟನ್ ಜೊತೆ ಲಾಸ್ ಏಂಜಲೀಸ್ ರ್‍ಯಾಮ್ಸ್ ಸೇರಿ, ಅಲ್ಲಿಯವರೆಗೆ ಕರಿಯರನ್ನು ಹೊರಗಿಟ್ಟಿದ್ದ ವೃತ್ತಿಪರ ಲೀಗಿನ ಬಾಗಿಲು ತೆರೆದವನು. 1960ರ 'ಸಾರ್ಜೆಂಟ್ ರಟ್ಲೆಜ್'ನಲ್ಲಿ ಕಥೆ ಪೂರ್ತಿ ಅವನದ್ದು, ಸಿನಿಮಾದ ಹೆಸರೇ ಅವನ ಪಾತ್ರದ ಹೆಸರು. ಆದರೆ ನಟರ ಪಟ್ಟಿಯಲ್ಲಿ ಅವನ ಹೆಸರಿಗಿಂತ ಮೇಲೆ ಬಿಳಿಯ ನಟರ ಹೆಸರು.

ಜೇ ಸಿಲ್ವರ್‌ಹೀಲ್ಸ್ ಕೆನಡಾದ ಮೊಹಾಕ್ ಜನಾಂಗದವನು, ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ಲಕ್ರಾಸ್ ಆಟದಲ್ಲಿ ಹೆಸರು ಮಾಡಿದ್ದವನು. 'ಲೋನ್ ರೇಂಜರ್' ಧಾರಾವಾಹಿಯಲ್ಲಿ 1949ರಿಂದ 57ರವರೆಗೆ ಹೀರೊನ ಇಂಡಿಯನ್ ಜೊತೆಗಾರ ಟಾಂಟೊ ಆಗಿ ಹರುಕುಮುರುಕು ಇಂಗ್ಲಿಷ್ ಆಡಬೇಕಾಯಿತು. ಅವನ ಸ್ವಂತ ಇಂಗ್ಲಿಷ್ ಸೊಗಸಾಗಿತ್ತು. 60ರ ದಶಕದಲ್ಲಿ ಆತ ಮೂಲನಿವಾಸಿ ನಟರಿಗಾಗಿ ಲಾಸ್ ಏಂಜಲೀಸಿನಲ್ಲಿ ತರಬೇತಿ ಶಾಲೆ ಶುರುಮಾಡಿದ. ಅದೇ ಹೊತ್ತಿಗೆ ಐರನ್ ಐಸ್ ಕೋಡಿ ಎಂಬವನು ಹಾಲಿವುಡ್ಡಿನ ನೆಚ್ಚಿನ 'ಇಂಡಿಯನ್' ಆಗಿದ್ದ. 1971ರ ಪರಿಸರ ಜಾಹೀರಾತಿನಲ್ಲಿ ಕಣ್ಣೀರು ಸುರಿಸಿದವನು. ಅವನ ಅಪ್ಪ ಅಮ್ಮ ಇಟಲಿಯವರು ಅಂತ 1996ರಲ್ಲಿ ಪತ್ರಿಕೆಯೊಂದು ಬಯಲು ಮಾಡಿತು. ಆತ ಸಾಯುವವರೆಗೂ ಒಪ್ಪಲಿಲ್ಲ. ಮೊಹಾಕ್ ಜನಾಂಗದ ನಟ ಪೆದ್ದನಂತೆ ಮಾತಾಡಬೇಕು, ಇಟಲಿ ಮೂಲದವನು ಇಂಡಿಯನ್ನರ ಪ್ರತಿನಿಧಿ!

ದುಡ್ಡಿನ ಲೆಕ್ಕಕ್ಕೆ ಬರೋಣ. ಗೊಂದಲ ಜಾಸ್ತಿ ಇರುವುದು ಇಲ್ಲೇ. ಟಿವಿಯಲ್ಲಿ ದಿನವೂ ಬರುವ ಮುಖ, ಹಾಗಾದರೆ ಶ್ರೀಮಂತನಿರಬೇಕು ಅಂತ ಅನ್ನಿಸುತ್ತೆ. 1950ರ 'ವಿಂಚೆಸ್ಟರ್ 73'ರಲ್ಲಿ ಹೀರೊ ಜೇಮ್ಸ್ ಸ್ಟೀವರ್ಟ್ ಸಂಬಳದ ಬದಲು ಲಾಭದಲ್ಲಿ ಪಾಲು ತಗೊಂಡು ಸಿಕ್ಕಾಪಟ್ಟೆ ಗಳಿಸಿದ. ಪೋಷಕ ನಟನಿಗೆ ದಿನಗೂಲಿ ಅಥವಾ ವಾರದ ಸಂಬಳ. ಶೂಟಿಂಗ್ ಮುಗಿದ ಮೇಲೆ ಆ ಸಿನಿಮಾಗೂ ಅವನಿಗೂ ಸಂಬಂಧವಿಲ್ಲ. ಟಿವಿಯಲ್ಲಿ ಮರುಪ್ರಸಾರಕ್ಕೆ ದುಡ್ಡು ಕೊಡುವ ಒಪ್ಪಂದ 1952ರಲ್ಲಿ ಬಂತು, ಅದೂ ಮೊದಲ ಕೆಲವು ಪ್ರಸಾರಗಳಿಗಷ್ಟೇ. ಸಿನಿಮಾಗಳ ವಿಷಯಕ್ಕೆ 1960ರಲ್ಲಿ ನಟರ ಸಂಘ ಮುಷ್ಕರ ಹೂಡಿತು. ಆಗಿನ ಅಧ್ಯಕ್ಷ ರೊನಾಲ್ಡ್ ರೇಗನ್, ಆಮೇಲೆ ದೇಶದ ಅಧ್ಯಕ್ಷನಾದವನೇ. ಆ ವರ್ಷದಿಂದ ಮುಂದಿನ ಸಿನಿಮಾಗಳು ಟಿವಿಗೆ ಬಂದರೆ ನಟರಿಗೆ ಪಾಲು ಅಂತಾಯಿತು. ಹಿಂದಿನವುಗಳಿಗೆ ಇಲ್ಲ. ಬದಲಿಗೆ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಇಡಿಗಂಟು ಕೊಟ್ಟರು. ಟಿವಿ ಕಾರ್ಯಕ್ರಮ ಎಷ್ಟು ಸಲ ಬಂದರೂ ಹಣ ಸಿಗುವ ಒಪ್ಪಂದ ಆಗಿದ್ದು 1974ರಲ್ಲಿ. ಅಷ್ಟೊತ್ತಿಗೆ ವೆಸ್ಟರ್ನ್ ಧಾರಾವಾಹಿಗಳ ಕಾಲವೇ ಮುಗಿಯುತ್ತಾ ಬಂದಿತ್ತು. ಅಂದರೆ 1940, 50ರ ದಶಕದ ಸಿನಿಮಾಗಳಲ್ಲಿ ದುಡಿದವರು ವಯಸ್ಸಾದ ಮೇಲೆ ತಮ್ಮನ್ನು ತಾವೇ ಟಿವಿಯಲ್ಲಿ ಪುಕ್ಕಟೆ ನೋಡಿಕೊಂಡರು.

ಆದರೂ ಅವರ ಒಲೆ ಉರಿದದ್ದು ಟಿವಿಯಿಂದಲೇ. 'ಗನ್‌ಸ್ಮೋಕ್' ಒಂದೇ 1955ರಿಂದ 20 ವರ್ಷ, 635 ಕಂತು ನಡೆಯಿತು. ಪ್ರತಿ ವಾರ ಹೊಸ ಕಳ್ಳ, ಹೊಸ ಮುದುಕ ಬೇಕು. ಈಲಮ್ ಅದರಲ್ಲಿ ಹತ್ತಕ್ಕೂ ಹೆಚ್ಚು ಸಲ ಬಂದಿದ್ದಾನೆ, ಬೇರೆ ಬೇರೆ ಪಾತ್ರವಾಗಿ. ಒಂದು ಸಲ ಸತ್ತವನು ಮುಂದಿನ ವರ್ಷ ಬೇರೆ ಹೆಸರಲ್ಲಿ ಹಾಜರು.

ಕೆಲವರನ್ನು ಇಟಲಿ ಕರೆಯಿತು. ವಾನ್ ಕ್ಲೀಫ್ 50ರ ದಶಕದ ಕೊನೆಗೆ ಕಾರು ಅಪಘಾತದಲ್ಲಿ ಮೊಣಕಾಲಿಗೆ ಭಾರಿ ಪೆಟ್ಟು ಮಾಡಿಕೊಂಡು, ಕೆಲಸ ಕಡಿಮೆಯಾಗಿ, ಚಿತ್ರ ಬರೆದುಕೊಂಡಿದ್ದ. ಹೀರೊ ಕೈಯಲ್ಲಿ ಸಾಯುವ ಚೇಲನ ಪಾತ್ರಗಳೂ ಬರುವುದು ಹೆಚ್ಚುಕಡಿಮೆ ನಿಂತಿತ್ತು. ಇಟಲಿಯ ನಿರ್ದೇಶಕ ಸರ್ಜಿಯೊ ಲಿಯೋನಿಗೆ ಆ ಮುಖ ನೆನಪಿತ್ತು. 1965ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಎದುರು ನಿಲ್ಲಿಸಿದ. ಮುಂದೆ ಇಟಲಿಯ ಸಿನಿಮಾಗಳಲ್ಲಿ ವಾನ್ ಕ್ಲೀಫ್ ಹೀರೊನೇ ಆದ. 1968ರಲ್ಲಿ ಲಿಯೋನಿ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' ಶುರುಮಾಡಿದ್ದೇ ಈಲಮ್ ಮತ್ತು ಸ್ಟ್ರೋಡ್‌ರನ್ನು ರೈಲ್ವೆ ಸ್ಟೇಷನ್ನಿನಲ್ಲಿ ಕೂರಿಸಿ. ಸ್ಟ್ರೋಡ್‌ನ ಟೋಪಿ ಮೇಲೆ ನೀರು ತೊಟ್ಟಿಕ್ಕುತ್ತದೆ. ಈಲಮ್‌ನ ಗಡ್ಡದ ಮೇಲೆ ನೊಣ ಓಡಾಡುತ್ತದೆ, ಅವನು ಊದಿ ಓಡಿಸಲು ನೋಡುತ್ತಾನೆ, ಕೊನೆಗೆ ಪಿಸ್ತೂಲಿನ ನಳಿಗೆಯಲ್ಲಿ ಅದನ್ನು ಹಿಡಿದು ಕಿವಿಗಿಟ್ಟು ಕೇಳುತ್ತಾನೆ. ನಿಮಿಷಗಟ್ಟಲೆ ಮಾತೇ ಇಲ್ಲ. ಹಾಲಿವುಡ್ ಇವರಿಗೆ ಒಂದು ಶಾಟ್ ಕೊಡುತ್ತಿದ್ದ ಜಾಗದಲ್ಲಿ ಲಿಯೋನಿ ಇಡೀ ಪರದೆ ಬಿಟ್ಟುಕೊಟ್ಟ.

ಈ ಲೋಕಕ್ಕೆ ಹೊಸಬರಾದರೆ ಎರಡು ಸಿನಿಮಾ ಒಂದರ ಹಿಂದೆ ಒಂದು ನೋಡಿ. ಮೊದಲು ಜಾನ್ ಫೋರ್ಡ್‌ನ 1946ರ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್'. ಅದರಲ್ಲಿ ಬ್ರೆನನ್ ಮಕ್ಕಳನ್ನು ಚಾವಟಿಯಲ್ಲಿ ಹೊಡೆಯುವ ಭಯಂಕರ ಅಪ್ಪ. ಆಮೇಲೆ 1969ರ 'ಸಪೋರ್ಟ್ ಯುವರ್ ಲೋಕಲ್ ಶೆರಿಫ್'. ಎಪ್ಪತ್ತು ದಾಟಿದ ಬ್ರೆನನ್ ಅದೇ ಅಪ್ಪನನ್ನು ತಾನೇ ಗೇಲಿ ಮಾಡುತ್ತಾನೆ, ಅಷ್ಟು ವರ್ಷ ವಿಲನ್ ಆಗಿದ್ದ ಈಲಮ್ ಹೀರೊನ ಪೆದ್ದ ಸಹಾಯಕ. ಮೊದಲನೆಯದನ್ನು ನೋಡದೆ ಎರಡನೆಯದನ್ನು ನೋಡಿದರೆ ಅರ್ಧ ಜೋಕು ತಪ್ಪಿಹೋಗುತ್ತವೆ.